ಪದಬಂಧ (ಕನ್ನಡ)

ಸುಳಿವುಗಳನ್ನು ಓದಿ ಊಹಿಸಿದ ಪದಗಳನ್ನು ಚೌಕದ ಮನೆಗಳಲ್ಲಿ ಅಡ್ಡಲಾಗಿಯೂ ಉದ್ದಲಾಗಿಯೂ ತುಂಬುವ ಪದವಿನೋದವೇ ಪದಬಂಧ. ಇದು 1913ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಹುಟ್ಟಿ, ಇಪ್ಪತ್ತನೆಯ ಶತಮಾನದಲ್ಲಿ ಕನ್ನಡ ಪತ್ರಿಕೆಗಳಿಗೆ ಬಂದು, ಇಂದು ದಿನಪತ್ರಿಕೆ ಓದುವ ಮನೆಗಳ ಬೆಳಗಿನ ರೂಢಿಯಾಗಿದೆ. ಹೊರಗಿನಿಂದ ಬಂದರೂ ಅದು ಕನ್ನಡದಲ್ಲಿ ಬೇರೆಯೇ ಆಟವಾಯಿತು. ಇಲ್ಲಿ ಒಂದು ಮನೆಗೆ ಒಂದು ಅಕ್ಷರ, ಅಂದರೆ ಸ್ವರ, ವ್ಯಂಜನ, ಒತ್ತು, ಸೊನ್ನೆ ಎಲ್ಲ ಸೇರಿದ ಪೂರ್ಣಾಕ್ಷರ. ಅಕ್ಷರಗಳನ್ನು ಮನೆಗಳಲ್ಲಿ ಜೋಡಿಸಿ ಹಲವು ದಿಕ್ಕಿನಿಂದ ಓದುವ ಕಲೆ ಮೈಸೂರು ಸೀಮೆಗೆ ಹೊಸದೂ ಅಲ್ಲ. ಅದರ ಹಳೆಯ ಕುರುಹುಗಳಲ್ಲೊಂದು ಇಂದಿನ ತಿ. ನರಸೀಪುರ ತಾಲ್ಲೂಕಿನ ತಲಕಾಡಿನಿಂದ ಆಳಿದ ಗಂಗರಲ್ಲಿ ಸಿಗುತ್ತದೆ.

ಸ್ವರೂಪ

ಕನ್ನಡ ಪದಬಂಧದಲ್ಲಿ ಸುಳಿವುಗಳು ಸಾಮಾನ್ಯವಾಗಿ ‘ಎಡದಿಂದ ಬಲಕ್ಕೆ’, ‘ಮೇಲಿನಿಂದ ಕೆಳಕ್ಕೆ’ ಎಂದು ಎರಡು ಪಟ್ಟಿಗಳಲ್ಲಿ ಇರುತ್ತವೆ. ಕೆಲವು ರಚನಕಾರರು ‘ಬಲದಿಂದ ಎಡಕ್ಕೆ’, ‘ಕೆಳಗಿನಿಂದ ಮೇಲಕ್ಕೆ’ ಎಂಬ ಪಟ್ಟಿಗಳನ್ನೂ ಕೊಡುವುದುಂಟು. ಸುಳಿವಿನ ಕೊನೆಯಲ್ಲಿ ಉತ್ತರದ ಅಕ್ಷರಸಂಖ್ಯೆ ಇರುತ್ತದೆ. ಎಣಿಕೆ ಕಿವಿಗೆ ಕೇಳುವ ಲೆಕ್ಕವಲ್ಲ, ಬರೆಯುವ ಅಕ್ಷರದ ಲೆಕ್ಕ. ‘ಶ್ರೀಕಂಠ’ ಎಂಬುದಕ್ಕೆ ಮೂರು ಮನೆ: ಶ್ರೀ, ಕಂ, ಠ. ‘ನಂಜನಗೂಡು’ ಐದು ಮನೆ. ‘ಸರ್ಪ’ದಲ್ಲಿ ಅರ್ಕಾವತ್ತು ಎರಡನೆಯ ಮನೆಗೆ ಸೇರುತ್ತದೆ. ವ್ಯಂಜನದಲ್ಲಿ ಮುಗಿಯುವ ಅನ್ಯಭಾಷೆಯ ಪದಗಳು ಬಂದಾಗ ರಚನಕಾರರು ‘ಬ್ಯಾಂಕ್’ ಬದಲು ‘ಬ್ಯಾಂಕು’ ಎಂಬ ಸ್ವರಾಂತ ರೂಪವನ್ನೇ ಹೆಚ್ಚಾಗಿ ಬಳಸುತ್ತಾರೆ.

ಇದರಿಂದ ಆಟದ ಗುಣವೇ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಎರಡು ಪದ ಹಾಯುವ ಮನೆಯಲ್ಲಿ ಇರಬಹುದಾದ ಅಕ್ಷರಗಳು 26 ಮಾತ್ರ. ಕನ್ನಡದಲ್ಲಿ ಒಂದೊಂದು ವ್ಯಂಜನಕ್ಕೂ ಕಾಗುಣಿತದ ಪೂರ್ತಿ ಸಾಲಿದೆ, ಅದರ ಮೇಲೆ ಒತ್ತಕ್ಷರಗಳಿವೆ. ‘ಕ’ ಮತ್ತು ‘ಕಾ’ ಒಂದೇ ಮನೆಯಲ್ಲಿ ಹೊಂದಲಾರವು. ಆದ್ದರಿಂದ ಪದಗಳನ್ನು ಹೆಣೆಯುವುದು ಕಷ್ಟ. ಕನ್ನಡದ ಚೌಕಗಳಲ್ಲಿ ಕಪ್ಪು ಮನೆಗಳು ಹೆಚ್ಚು, ಉತ್ತರಗಳು ಬಹುಮಟ್ಟಿಗೆ ಎರಡರಿಂದ ಐದು ಅಕ್ಷರದವು. ಬಿಡಿಸುವವರಿಗೆ ಮಾತ್ರ ಇದರಲ್ಲಿ ಲಾಭವೇ ಇದೆ. ಹಾಯ್ದು ಸಿಕ್ಕ ಒಂದೇ ಒಂದು ಅಕ್ಷರ ಸ್ವರವನ್ನೂ ವ್ಯಂಜನವನ್ನೂ ಒಟ್ಟಿಗೆ ತಿಳಿಸಿಬಿಡುತ್ತದೆ.

ಪೂರ್ವಪರಂಪರೆ

ಸಂಸ್ಕೃತ ಮತ್ತು ಕನ್ನಡ ಲಾಕ್ಷಣಿಕರು ಅಕ್ಷರಗಳ ಜೋಡಣೆಯಿಂದ ಚಮತ್ಕಾರ ಹುಟ್ಟಿಸುವ ರಚನೆಗಳನ್ನು ಚಿತ್ರಕಾವ್ಯ ಎಂದು ಕರೆದರು. ದಂಡಿಯ ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದ ಗೋಮೂತ್ರಿಕೆ, ಸರ್ವತೋಭದ್ರ ಮುಂತಾದ ಬಂಧಗಳನ್ನೂ ಪ್ರಹೇಲಿಕೆ ಎಂಬ ಒಗಟಿನ ಪದ್ಯಗಳನ್ನೂ ವಿವರಿಸುತ್ತದೆ. ಇವುಗಳಲ್ಲಿ ಪದಬಂಧಕ್ಕೆ ಅತಿ ಹತ್ತಿರದ್ದು ಸರ್ವತೋಭದ್ರ. ಎಂಟೆಂಟು ಅಕ್ಷರದ ನಾಲ್ಕು ಪಾದಗಳನ್ನು ಒಂದರ ಕೆಳಗೊಂದು ಬರೆದು, ಅವನ್ನೇ ತಲೆಕೆಳಗಾದ ಕ್ರಮದಲ್ಲಿ ಮತ್ತೆ ಬರೆದರೆ 64 ಮನೆಗಳ ಚೌಕವಾಗುತ್ತದೆ. ಅದನ್ನು ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಹೇಗೆ ಓದಿದರೂ ಅದೇ ಪದ್ಯ ಬರುತ್ತದೆ. ಇದರ ಪ್ರಸಿದ್ಧ ಉದಾಹರಣೆ ಭಾರವಿಯ ‘ಕಿರಾತಾರ್ಜುನೀಯ’ದ ಹದಿನೈದನೆಯ ಸರ್ಗದಲ್ಲಿದೆ. ಆ ಸರ್ಗವೇ ಇಂಥ ಬಂಧಗಳ ಭಂಡಾರ.

ಆ ಕಠಿಣ ಸರ್ಗಕ್ಕೆ ಟೀಕೆ ಬರೆದವನು ಆರನೆಯ ಶತಮಾನದ ಗಂಗ ದೊರೆ ದುರ್ವಿನೀತ ಎಂದು ಗಂಗರ ಶಾಸನಗಳು ಹೇಳುತ್ತವೆ. ಗಂಗರ ಮೊದಲ ರಾಜಧಾನಿ ಕೋಲಾರ, ಬಳಿಕ ಕಾವೇರಿ ದಡದ ತಲಕಾಡು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ದುರ್ವಿನೀತನನ್ನು ಕನ್ನಡದ ಗದ್ಯಕಾರರ ಸಾಲಿನಲ್ಲಿ ನೆನೆಯುತ್ತದೆ. ಕನ್ನಡದಲ್ಲಿ ಬರೆಯುತ್ತಿದ್ದ ದೊರೆಯೊಬ್ಬ ಇಡೀ ಮಹಾಕಾವ್ಯದಲ್ಲಿ ಅಕ್ಷರಗಳ ಒಗಟಿನ ಸರ್ಗವನ್ನೇ ಆರಿಸಿ ಬಿಡಿಸಿದ ಎಂಬುದು ಈ ವಿಷಯದ ಚರಿತ್ರೆಯಲ್ಲಿ ಬಹಳ ಮುಖ್ಯವಾದ ಸಂಗತಿ.

ಈ ಆಸಕ್ತಿ ಮುಂದೆಯೂ ಇದೇ ನೆಲದ ಆಸುಪಾಸಿನಲ್ಲಿ ಕಾಣುತ್ತದೆ. ತಲಕಾಡಿಗೆ ದೂರವಲ್ಲದ ಕೊಳ್ಳೇಗಾಲ ತಾಲ್ಲೂಕಿನ ಸತ್ಯಾಗಾಲದಲ್ಲಿ ಕೆಲವು ಕಾಲ ನೆಲೆಸಿದ್ದರೆಂದು ಸಂಪ್ರದಾಯ ಹೇಳುವ ವೇದಾಂತ ದೇಶಿಕರು ‘ಪಾದುಕಾಸಹಸ್ರ’ದ ಚಿತ್ರಪದ್ಧತಿಯಲ್ಲಿ ತುರಗಬಂಧವನ್ನು ರಚಿಸಿದ್ದಾರೆ. ಅಲ್ಲಿ ಒಂದು ಶ್ಲೋಕದ ಅಕ್ಷರಗಳನ್ನು ಚದುರಂಗದ ಕುದುರೆಯ ನಡೆಯಲ್ಲಿ ಓದಿದರೆ ಇನ್ನೊಂದು ಶ್ಲೋಕ ಹೊರಡುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ 64 ಮನೆಗಳನ್ನೂ ಕುದುರೆ ನಡೆಯಲ್ಲಿ ತುಂಬುವ ಸಮಸ್ಯೆಗಳನ್ನು ರಚಿಸಿ ಬಿಡಿಸಿದರು. ನಂಜನಗೂಡಿನ ಶ್ರೀಕಂಠೇಶ್ವರನ ಪರಮಭಕ್ತರಾಗಿದ್ದ ಅವರ ಆಸ್ಥಾನದಲ್ಲಿ ಗಂಜೀಫಾ, ಅಂಕಿಚೌಕ, ಚದುರಂಗಗಳು ವಿದ್ವತ್ತಿನ ಭಾಗವೇ ಆಗಿದ್ದವು. ಇವು ಇಂದಿನ ಪದಬಂಧಕ್ಕೆ ನೇರ ಮೂಲಗಳಲ್ಲ. ಆದರೆ ಅಕ್ಷರಕ್ಕೊಂದು ಮನೆ ಎಂಬ ಕಲ್ಪನೆ ಇಲ್ಲಿನ ವಿದ್ವಾಂಸರಿಗೆ ಮೊದಲೇ ಒಗ್ಗಿತ್ತು.

ಪಶ್ಚಿಮದಲ್ಲಿ ಹುಟ್ಟು, ಬೆಳವಣಿಗೆ

ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಪತ್ರಕರ್ತ ಆರ್ಥರ್ ವಿನ್ 1913ರ ಡಿಸೆಂಬರ್ 21ರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರಾಕೃತಿಯ ಪದಚೌಕವೊಂದನ್ನು ಪ್ರಕಟಿಸಿದ. 1924ರಲ್ಲಿ ಸೈಮನ್ ಅಂಡ್ ಶುಸ್ಟರ್ ಸಂಸ್ಥೆ ತಂದ ಪದಬಂಧಗಳ ಮೊದಲ ಪುಸ್ತಕ ಅಮೆರಿಕದಲ್ಲಿ ಹುಚ್ಚನ್ನೇ ಹಬ್ಬಿಸಿತು. ಲಂಡನ್ನಿನ ‘ಟೈಮ್ಸ್’ 1930ರ ಫೆಬ್ರುವರಿ 1ರಂದು, ‘ನ್ಯೂಯಾರ್ಕ್ ಟೈಮ್ಸ್’ 1942ರ ಫೆಬ್ರುವರಿ 15ರಂದು ಪದಬಂಧಕ್ಕೆ ಜಾಗ ಕೊಟ್ಟವು. ಬ್ರಿಟನ್ನಿನಲ್ಲಿ ಮಾತಿನ ಮರೆಯಲ್ಲಿ ಉತ್ತರ ಅಡಗಿಸುವ ಗೂಢ ಸುಳಿವಿನ ಪದ್ಧತಿ ಬೆಳೆಯಿತು. ಅಮೆರಿಕದ ದಿನಪತ್ರಿಕೆಗಳಲ್ಲಿ ಉದ್ದದ ಉತ್ತರಗಳೆಲ್ಲ ಒಂದೇ ವಿಷಯದ ಸುತ್ತ ಹೆಣೆದುಕೊಳ್ಳುವ ವಿಷಯಾಧಾರಿತ ಪದ್ಧತಿ ಬೇರೂರಿತು. ಕನ್ನಡ ಎರಡರಿಂದಲೂ ಕಲಿತರೂ ಹೆಚ್ಚು ಒಲಿದದ್ದು ಎರಡನೆಯದಕ್ಕೆ.

ಬಹುಮಾನದ ಪೈಪೋಟಿ ಮತ್ತು ಕಾನೂನು

ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಭಾರತದಲ್ಲಿ ಪದಬಂಧವೆಂದರೆ ಹಣದ ಪೈಪೋಟಿ ಎಂಬಂತಾಗಿತ್ತು. ಪ್ರವೇಶಶುಲ್ಕ ಕಟ್ಟಿ, ಪತ್ರಿಕೆಯ ಕೂಪನ್ ತುಂಬಿ ಕಳಿಸಬೇಕು. ಎಷ್ಟೋ ಸುಳಿವುಗಳಿಗೆ ಎರಡು ಪದಗಳು ಸಮಾನವಾಗಿ ಹೊಂದುತ್ತಿದ್ದವು. ಮೊದಲೇ ಮೊಹರು ಹಾಕಿಟ್ಟ ಉತ್ತರಕ್ಕೆ ಯಾರದು ಹೊಂದುತ್ತದೋ ಅವರಿಗೆ ದೊಡ್ಡ ಮೊತ್ತ. ಈ ವ್ಯವಹಾರದಲ್ಲಿ ಮೈಸೂರು ರಾಜ್ಯದ ಹೆಸರು ರಾಷ್ಟ್ರಮಟ್ಟದ ಮೊಕದ್ದಮೆಯೊಂದರಲ್ಲಿ ಸೇರಿತು. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಪತ್ರಿಕೆಯ ಮೂಲಕ ಆರ್‌ಎಂಡಿಸಿ ಸಂಸ್ಥೆ ಇಂಗ್ಲಿಷ್ ಪದಬಂಧ ಸ್ಪರ್ಧೆ ನಡೆಸುತ್ತಿತ್ತು, ಅದರ ಪ್ರವೇಶಪತ್ರಗಳು ಮುಂಬಯಿ ರಾಜ್ಯದಿಂದಲೂ ಬರುತ್ತಿದ್ದವು. ಮುಂಬಯಿ ಸರ್ಕಾರ ಅದಕ್ಕೆ ತೆರಿಗೆ ಹಾಕಲು ಹೊರಟಾಗ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

1955ರಲ್ಲಿ ಸಂಸತ್ತು ಬಹುಮಾನ ಸ್ಪರ್ಧೆಗಳ ಕಾಯಿದೆಯನ್ನು ತಂದಿತು. ಅದರ ಪ್ರಕಾರ ತಿಂಗಳ ಒಟ್ಟು ಬಹುಮಾನ 1,000 ರೂಪಾಯಿ ಮೀರಕೂಡದು, ಪ್ರವೇಶಗಳು 2,000 ದಾಟಕೂಡದು. 1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರಿದ್ದ ಪೀಠ ಜೂಜು ವ್ಯಾಪಾರದ ಹಕ್ಕಿನಲ್ಲಿ ಸೇರುವುದಿಲ್ಲ ಎಂದು ಹೇಳಿ ಮುಂಬಯಿ ಕಾನೂನನ್ನು ಎತ್ತಿಹಿಡಿಯಿತು. ಜೊತೆಗೇ ಬಂದ ಇನ್ನೊಂದು ತೀರ್ಪು, ಕೇಂದ್ರದ ನಿರ್ಬಂಧಗಳು ಅದೃಷ್ಟವನ್ನು ನೆಚ್ಚಿದ ಸ್ಪರ್ಧೆಗಳಿಗೆ ಮಾತ್ರ, ಜಾಣ್ಮೆಯಿಂದ ಗೆಲ್ಲುವವಕ್ಕೆ ಅಲ್ಲ ಎಂದು ಸ್ಪಷ್ಟಪಡಿಸಿತು. ಪದಬಂಧವನ್ನು ಜೂಜಿನಿಂದ ಬೇರ್ಪಡಿಸಿ ಬುದ್ಧಿಯ ಆಟವಾಗಿ ಉಳಿಸಿದ ಗೆರೆ ಇದು. ಜಾಣ್ಮೆಯ ಆಟ ಮತ್ತು ಜೂಜಿನ ನಡುವಣ ಚರ್ಚೆಯಲ್ಲಿ ಈ ತೀರ್ಪುಗಳನ್ನು ಇಂದಿಗೂ ಉಲ್ಲೇಖಿಸುತ್ತಾರೆ.

ಕನ್ನಡ ಪತ್ರಿಕೆಗಳಲ್ಲಿ

ಪದಬಂಧ ಬೇರೂರಲು ಪತ್ರಿಕೆ ಓದುವ ಮನೆಗಳು ಬೇಕು. ಈ ಸೀಮೆಯಲ್ಲಿ ಅವು ಬೇಗನೆ ಸಿದ್ಧವಾದವು. ವಿನ್‌ನ ಚೌಕ ಅಚ್ಚಾದ 1913ರಲ್ಲೇ ನಂಜನಗೂಡಿನಲ್ಲಿ ತಿರುಮಲಾಂಬ (1887–1982) ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿದರು. ಬಳಿಕ ‘ಕರ್ನಾಟಕ ನಂದಿನಿ’ ಮಾಸಪತ್ರಿಕೆಯನ್ನು ನಡೆಸಿ ಹೆಂಗಸರ ಕೈಗೆ ಓದನ್ನು ತಲುಪಿಸಿದರು. ಮುಂದೆ ‘ಪ್ರಜಾವಾಣಿ’ (1948), ‘ಕಸ್ತೂರಿ’ (1956), ‘ಸುಧಾ’ (1965), ‘ಉದಯವಾಣಿ’ (1970), ‘ತರಂಗ’ (1983) ಮುಂತಾದವು ಬಂದು ಓದುಗರ ಬಳಗ ಹಿಗ್ಗಿತು. ಪದಬಂಧ ವಾರಪತ್ರಿಕೆಯ ಕೊನೆಯ ಪುಟಗಳಿಂದ ದಿನಪತ್ರಿಕೆಯ ಒಳಪುಟಗಳಿಗೆ ನಡೆದುಬಂತು. ವಾರದ ಪದಬಂಧಕ್ಕೆ ಉತ್ತರ ಸಿಗಲು ವಾರವಿಡೀ ಕಾಯಬೇಕಿತ್ತು. ದಿನದ್ದಕ್ಕೆ ಮರುದಿನದ ಪತ್ರಿಕೆಯೇ ಉತ್ತರ ಕೊಡುತ್ತದೆ. ಆ ಚಿಕ್ಕ ಅವಧಿಯೇ ಅದನ್ನು ನಿತ್ಯದ ಅಭ್ಯಾಸವಾಗಿಸಿತು.

ಕನ್ನಡ ಪದಬಂಧದ ಹೆಸರಾಂತ ರಚನಕಾರರು ಎ.ಎನ್. ಪ್ರಹ್ಲಾದರಾವ್. ಅವರು 1953ರಲ್ಲಿ ಕೋಲಾರ ಜಿಲ್ಲೆಯ ಅಬ್ಬಣಿಯಲ್ಲಿ ಹುಟ್ಟಿ, ರಾಜ್ಯದ ವಾರ್ತಾ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು. 1984ರಿಂದ ಪದಬಂಧ ರಚಿಸಲು ತೊಡಗಿ, ಹಲವು ಪತ್ರಿಕೆಗಳಿಗಾಗಿ ನಲವತ್ತು ಸಾವಿರಕ್ಕೂ ಮೀರಿ ಹೆಣೆದಿದ್ದಾರೆ. ಲಿಮ್ಕಾ ದಾಖಲೆ ಪುಸ್ತಕ ಇದನ್ನು ಗುರುತಿಸಿದೆ. ಸಾಹಿತ್ಯ, ಇತಿಹಾಸ, ವಿಜ್ಞಾನ, ಕ್ರೀಡೆ, ಚಲನಚಿತ್ರ ಎಂದು ವಿಷಯವಾರು ಪದಬಂಧಗಳನ್ನು ಕಟ್ಟಿದ್ದು ಅವರ ವಿಶೇಷ. ಡಾ. ರಾಜಕುಮಾರ್ ಅವರ ಜೀವನಚರಿತ್ರೆಯನ್ನೂ ಬರೆದಿರುವ ಅವರ ಸಿನಿಮಾ ಪದಬಂಧಗಳಿಗೆ ಆ ಅಧ್ಯಯನದ ಬಲವಿದೆ.

ಬಿಡಿಸುವವರ ಬೆನ್ನಿಗೆ ನಿಂತದ್ದು ನಿಘಂಟುಗಳು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ‘ಕನ್ನಡ ನಿಘಂಟು’ 1995ರಲ್ಲಿ ಪೂರ್ಣಗೊಂಡಿತು. ಅದರ ಸಂಪಾದಕತ್ವದಲ್ಲಿ ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯ (1913–2021) ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಸಂದೇಹಗಳನ್ನು ವರ್ಷಗಟ್ಟಲೆ ಬಗೆಹರಿಸಿದರು.

ವಿಷಯಾಧಾರಿತ ಪದಬಂಧ

ಸಾಮಾನ್ಯ ಪದಬಂಧ ಶಬ್ದಸಂಪತ್ತನ್ನು ಕೇಳುತ್ತದೆ, ವಿಷಯಾಧಾರಿತ ಪದಬಂಧ ಲೋಕಜ್ಞಾನವನ್ನು ಕೇಳುತ್ತದೆ. ಒಂದು ಊರು ಅಥವಾ ಸೀಮೆಯನ್ನೇ ವಿಷಯ ಮಾಡಿಕೊಂಡಾಗ ಅದರ ಬಲ ಪೂರ್ತಿ ತೋರುತ್ತದೆ. ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ‘ಬಿದಿರಿನ ಎಳೆ ಮೊಳಕೆ, ದಳವಾಯಿಗಳ ಊರೂ ಹೌದು’ (3) ಎಂಬುದಕ್ಕೆ ಉತ್ತರ ನಂಜನಗೂಡು ತಾಲ್ಲೂಕಿನ ‘ಕಳಲೆ’. ‘ವ್ಯಾಸರಾಜ ಮಠದ ನೆಲೆ’ (3) ಎಂದರೆ ತಿ. ನರಸೀಪುರ ತಾಲ್ಲೂಕಿನ ‘ಸೋಸಲೆ’. ಎರಡೂ ‘ಲೆ’ಯಲ್ಲಿ ಮುಗಿಯುವುದರಿಂದ ಒಂದು ಅಡ್ಡಲಾಗಿ, ಇನ್ನೊಂದು ಉದ್ದಲಾಗಿ ಆ ಮನೆಯಲ್ಲಿ ಕೂಡಬಲ್ಲವು. ‘ತಲಕಾಡು’ ಎಂಬುದರ ಮೂರನೆಯ ಮನೆಯಿಂದ ‘ಕಾವೇರಿ’ ಕೆಳಗಿಳಿಯುತ್ತದೆ. ‘ನಂಜನಗೂಡು’ ಬಂದು ‘ಡು’ವಿನಲ್ಲಿ ತಲಕಾಡನ್ನು ಸೇರುತ್ತದೆ. ‘ಗುಲಗಂಜಿಯಷ್ಟು ಕಾಶಿಗಿಂತ ಮಿಗಿಲೆನಿಸಿದ ದೇವರು’ (6) ತಿ. ನರಸೀಪುರದ ‘ಗುಂಜಾನರಸಿಂಹ’. ‘ಭೌಗೋಳಿಕ ಸೂಚಿಕೆ ಪಡೆದ ಹಣ್ಣು’ (4) ನಂಜನಗೂಡಿನ ‘ರಸಬಾಳೆ’.

ತಲಕಾಡಿನ ಪಂಚಲಿಂಗಗಳು ಇನ್ನೂ ಸೊಗಸಾದ ಪಾಠ. ವೈದ್ಯೇಶ್ವರ, ಅರ್ಕೇಶ್ವರ ನಾಲ್ಕಕ್ಷರದವು. ಪಾತಾಳೇಶ್ವರ, ಮರುಳೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ ಐದಕ್ಷರದವು. ಮಲ್ಲಿಕಾರ್ಜುನ ಒಂದನ್ನು ಬಿಟ್ಟರೆ, ವಿಷಯ ತಿಳಿದವರಿಗೆ ‘ಶ್ವ’, ‘ರ’ ಎಂಬ ಎರಡು ಮನೆಗಳು ಕಡೆಯಿಂದ ತಾವಾಗಿ ತುಂಬಿಕೊಳ್ಳುತ್ತವೆ. ಆದರೆ ಪಾತಾಳೇಶ್ವರ, ಮರುಳೇಶ್ವರಗಳ ಕೊನೆಯ ಮೂರು ಮನೆಗಳೂ ಒಂದೇ. ಮೊದಲ ಮನೆಯಲ್ಲಿ ‘ಮ’ ಸಿಕ್ಕಿದರೆ ಪಾತಾಳೇಶ್ವರ ಬಿಟ್ಟುಹೋಗುತ್ತದೆ, ಮಲ್ಲಿಕಾರ್ಜುನ ಉಳಿದೇ ಇರುತ್ತದೆ. ಊರಿನ ತಿಳಿವಳಿಕೆ ಅರ್ಧ ದಾರಿ ಕರೆದೊಯ್ದರೆ ಉಳಿದರ್ಧವನ್ನು ಹಾಯುವ ಪದವೇ ತೀರ್ಮಾನಿಸಬೇಕು.

ಬಿಡಿಸುವ ಕ್ರಮ

ಅನುಭವಿಗಳು ಮೊದಲು ಸುಳಿವುಗಳನ್ನೆಲ್ಲ ಒಮ್ಮೆ ಓದಿ ವಿಷಯವನ್ನು ಗ್ರಹಿಸುತ್ತಾರೆ. ಖಚಿತವಾಗಿ ಗೊತ್ತಿರುವ ಹೆಸರುಗಳನ್ನು ತುಂಬಿ, ಅವುಗಳನ್ನು ಹಾಯುವ ಪದಗಳಿಗೆ ಹೋಗುತ್ತಾರೆ. ಒಂದೇ ವಸ್ತುವಿಗೆ ಹಲವು ರೂಪಗಳಿರುವ ಕಡೆ ಎಚ್ಚರ ಬೇಕು. ನಂಜನಗೂಡಿನ ನದಿಗೆ ಕಬಿನಿ, ಕಪಿಲಾ, ಕಪಿಲೆ ಎಂಬ ಮೂರು ಹೆಸರುಗಳಿವೆ, ಮೂರೂ ಮೂರಕ್ಷರದವು. ‘ಸೋಸಲೆ’ಯ ‘ಲೆ’ ಅಲ್ಲಿ ಹಾಯ್ದರೆ ‘ಕಪಿಲೆ’ ಎಂಬುದು ನಿಶ್ಚಯ. ಸುಳಿವಿನ ವಿಭಕ್ತಿ, ವಚನಗಳನ್ನು ಗಮನಿಸುವುದೂ ಮುಖ್ಯ. ಸುಳಿವು ಬಹುವಚನದಲ್ಲಿದ್ದರೆ ಉತ್ತರದ ಕೊನೆಯಲ್ಲಿ ‘ಗಳು’ ಅಥವಾ ‘ರು’ ನಿರೀಕ್ಷಿಸಬಹುದು. ಹ್ರಸ್ವ–ದೀರ್ಘ, ಅಲ್ಪಪ್ರಾಣ–ಮಹಾಪ್ರಾಣಗಳಲ್ಲಿ ಸಡಿಲಾದರೆ ಹಾಯುವ ಪದ ಕೂಡಲೇ ಕೆಡುತ್ತದೆ. ಈ ಕಾರಣಕ್ಕೆ ಪದಬಂಧ ಕಾಗುಣಿತವನ್ನು ತಿದ್ದುವ ಒಳ್ಳೆಯ ಸಾಧನವೂ ಹೌದು.

ಗಣಕಯುಗದಲ್ಲಿ

ಮೊಬೈಲಿನಲ್ಲಿ ಕನ್ನಡ ಪದಬಂಧ ಆಡಿಸಬೇಕಾದರೆ ತಂತ್ರಾಂಶಕ್ಕೆ ಅಕ್ಷರ ಎಂದರೇನೆಂದು ಕಲಿಸಬೇಕಾಗುತ್ತದೆ. ಯೂನಿಕೋಡ್ ವ್ಯವಸ್ಥೆಯಲ್ಲಿ ‘ಶ್ರೀ’ ಎಂಬುದು ನಾಲ್ಕು ಸಂಕೇತಗಳ ಸರಣಿ: ಶ, ಹಲಂತ ಚಿಹ್ನೆ, ರ, ಈಕಾರ. ಪದಬಂಧಕ್ಕೆ ಅದು ಒಂದೇ ಮನೆ. ಸಂಕೇತಗಳನ್ನು ಅಕ್ಷರಗಳಾಗಿ ಗುಂಪುಮಾಡುವ ಕ್ರಮ ಅಳವಡಿಸಿದರೆ ಮಾತ್ರ ಆಟ ಕನ್ನಡದ್ದಾಗುತ್ತದೆ. ಅಷ್ಟಾದ ಮೇಲೆ ರಚನೆಯ ಭಾರ ಮತ್ತೆ ಮನುಷ್ಯನ ಮೇಲೇ ಬೀಳುತ್ತದೆ. ಪದಕೋಶದಿಂದ ಹೊಂದುವ ಪದಗಳನ್ನು ಯಂತ್ರ ಹೆಕ್ಕಿಕೊಡಬಲ್ಲದು. ಕಳಲೆ ತಿನ್ನುವ ಪದಾರ್ಥವೂ ಹೌದು, ದಳವಾಯಿಗಳ ಊರೂ ಹೌದು ಎಂದು ಎರಡನ್ನೂ ಒಂದೇ ಸುಳಿವಿನಲ್ಲಿ ಕೂಡಿಸಲು ಆ ನೆಲದ ಬಳಕೆ ಬಲ್ಲ ರಚನಕಾರ ಬೇಕು. ತಾಲ್ಲೂಕು ತಾಲ್ಲೂಕಿನ ಹೆಸರು, ಹೊಳೆ, ಬೆಳೆ, ಶಾಸನಗಳನ್ನು ವಿಷಯವಾಗಿಸಿದ ಪದಬಂಧಗಳು ಶಾಲೆಗಳಿಗೂ ಗ್ರಾಮ ಗ್ರಂಥಾಲಯಗಳಿಗೂ ಬಂದರೆ, ಸ್ಥಳೀಯ ಚರಿತ್ರೆ ಕಲಿಸಲು ಇಷ್ಟು ಅಗ್ಗದ ಮತ್ತು ಇಷ್ಟು ಮನ ಸೆಳೆಯುವ ಪಠ್ಯ ಬೇರೆ ಸಿಗುವುದು ಕಷ್ಟ.