ಜೀತ ಪದ್ಧತಿ: ಸಾಲವೇ ಸಂಕೋಲೆ

ಮುಂಗಡ ಸಾಲ ನೀಡಿ, ಅದರ ಋಣಕ್ಕೆ ಸಾಲಗಾರನನ್ನೋ ಆತನ ಕುಟುಂಬವನ್ನೋ ಕಟ್ಟಿಹಾಕಿ ದುಡಿಸಿಕೊಳ್ಳುವುದೇ ಜೀತ. ದಲ್ಲಾಳಿಗಳು ಮುಂಗಡದ ಆಮಿಷವೊಡ್ಡಿ ಬಡವರನ್ನು ದೂರದ ಇಟ್ಟಿಗೆ ಗೂಡು, ಕಲ್ಲು ಕ್ವಾರಿಗಳಿಗೆ ಸಾಗಿಸುವುದುಂಟು. ಕೂಲಿ ಅತ್ಯಲ್ಪವಾದ್ದರಿಂದ ಸಾಲ ತೀರದು; ತೀರುವವರೆಗೆ ಬೇರೆಡೆ ದುಡಿಯುವ ಸ್ವಾತಂತ್ರ್ಯವಿಲ್ಲ.

ಸಂವಿಧಾನದ 23ನೇ ವಿಧಿಯು ಮಾನವ ಸಾಗಣೆ ಹಾಗೂ ಬಲವಂತದ ದುಡಿಮೆಯನ್ನು ನಿಷೇಧಿಸಿದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟ ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ತೀರ್ಪಿತ್ತಿತು.

1976ರ ಜೀತ ಪದ್ಧತಿ ರದ್ದತಿ ಕಾಯ್ದೆಯು ಇಂಥ ಸಾಲವನ್ನೇ ರದ್ದುಗೊಳಿಸಿದೆ. ಜೀತಕ್ಕಿಟ್ಟುಕೊಂಡವರಿಗೆ 3 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಆದರೆ ಅಧಿಕಾರಿಗಳು ನೀಡುವ ಬಿಡುಗಡೆ ಪತ್ರವಿಲ್ಲದೆ ಪೂರ್ಣ ಪುನರ್ವಸತಿ ನೆರವು ಕೈಸೇರುವುದು ಕಷ್ಟ. ನೆರವು ದೊರೆಯದವರು ಮತ್ತೆ ಮುಂಗಡಕ್ಕೇ ಕೈಯೊಡ್ಡಬೇಕಾಗುತ್ತದೆ.