ಫೋರ್ಕ್ ಕೇಳಿದ್ರೆ ಭದ್ರಾವತಿ ನೆನಪಾಯ್ತು

ಹೊಳಲೂರಿನ ಹುಡುಗನೊಬ್ಬ ಕೇಳ್ದ: ಬಂಡೆ ಹತ್ತಿ ಹಾರೋ ಟ್ರಯಲ್ಸ್ ಸೈಕಲ್‌ಗೆ ಹೊಸ ಫೋರ್ಕ್ ಬೇಕು, ಯಾವ್ದು ಗಟ್ಟಿ? ನನಗೆ ನಮ್ಮ ಭದ್ರಾವತಿಯ ಕಥೆ ನೆನಪಾಯ್ತು.

1923ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯ್ತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು. ಮೊದಲು ಹರಿದದ್ದು ಬೀಡುಕಬ್ಬಿಣ. ಅದರಲ್ಲಿ ಇಂಗಾಲ ಶೇ. 4ರ ಆಸುಪಾಸು. ಗಡಸು ನಿಜ, ಆದ್ರೆ ಪೆಟ್ಟು ಬಿದ್ರೆ ಬಾಗಲ್ಲ, ಒಡೆಯುತ್ತೆ. ಅದರಲ್ಲಿ ಫೋರ್ಕ್ ಮಾಡಿದ್ರೆ ಮೊದಲ ಜಿಗಿತಕ್ಕೇ ಹಲ್ಲು ಹೋಗ್ತಿತ್ತು! ಇಂಗಾಲ ಇಳಿಸಿ ಉಕ್ಕು ಮಾಡಿದ್ದು ಆಮೇಲೆ. ಮಿಶ್ರಲೋಹದ ಉಕ್ಕಿಗೆ ಹೆಸರಾದದ್ದು ಇನ್ನೂ ಮುಂದೆ. ನೂರು ತುಂಬಿದ 2023ರಲ್ಲೇ ಮುಚ್ಚೋ ನಿರ್ಧಾರ ಬಂತು, ಕಾರ್ಮಿಕರು ಬೀದಿಗಿಳಿದ್ರು.

ಫೋರ್ಕಿನಲ್ಲೂ ಅದೇ ಲೆಕ್ಕ. 4130 ಕ್ರೋಮೊಲಿ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 0.3, ಕ್ರೋಮಿಯಂ ಶೇ. 1, ಜೊತೆಗೆ ಚೂರು ಮಾಲಿಬ್ಡಿನಂ. ಅಲ್ಯೂಮಿನಿಯಂ ಹಗುರ, ಸ್ಪರ್ಧೆಗೆ ಚೆಂದ. ಆದ್ರೆ ಪದೇ ಪದೇ ಪೆಟ್ಟು ತಿಂದು ಒಂದಿನ ಹೇಳದೆ ಕೇಳದೆ ಮುರೀಬಹುದು. ಕ್ರೋಮೊಲಿ ಸಾಮಾನ್ಯವಾಗಿ ಮೊದಲು ಬಾಗುತ್ತೆ. ಕಲಿಯೋವಾಗ ನನ್ನ ಓಟು ಅದಕ್ಕೇ. ಕೊಳ್ಳೋ ಮುಂಚೆ ಹಳೇ ಫೋರ್ಕಿನ ಉದ್ದ, ಹ್ಯಾಂಡಲ್ ಕೂರೋ ಕೊಳವೆಯ ದಪ್ಪ, ಬ್ರೇಕ್ ಯಾವ ಥರದ್ದು ಅಂತ ನೋಡಿ ಬರೆದಿಟ್ಕೊ, ತಮ್ಮ.