ಜನನ ಗ್ರಂಥಿಗಳ ಹಾರ್ಮೋನುಗಳು: ವಿಕಿರಣದ ಪರಿಣಾಮ

ಎಕ್ಸ್ ಕಿರಣ, ಗಾಮಾ ಕಿರಣಗಳಂಥ ಅಯಾನೀಕಾರಕ ವಿಕಿರಣ ತಗುಲಿದಾಗ ಪ್ರಾಣಿಗಳ ವೃಷಣ ಹಾಗೂ ಅಂಡಾಶಯಗಳ ಹಾರ್ಮೋನ್ ಉತ್ಪಾದನೆ ಏರುಪೇರಾಗುತ್ತದೆ. ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಮಹಡಿಗಳ ಮೇಲಿರುವ ಮೊಬೈಲ್ ಗೋಪುರಗಳ ಅಲೆಗಳು ಅಯಾನೀಕಾರಕವಲ್ಲ. ಇಲ್ಲಿ ಹೇಳಿರುವುದನ್ನು ಅವಕ್ಕೆ ಅನ್ವಯಿಸಬಾರದು.

ವೃಷಣದಲ್ಲಿ ವೀರ್ಯಾಣುಗಳ ಮೂಲಕೋಶಗಳು ಸದಾ ವಿಭಜಿಸುತ್ತಿರುವುದರಿಂದ ಬೇಗ ಸಾಯುತ್ತವೆ. ಅವುಗಳ ಪಕ್ಕದಲ್ಲೇ ಇದ್ದು ಟೆಸ್ಟೊಸ್ಟೆರಾನ್ ತಯಾರಿಸುವ ಲೈಡಿಗ್ ಕೋಶಗಳು ಗಟ್ಟಿ. ಮನುಷ್ಯರಲ್ಲಿ 2 ಗ್ರೇ (ದೇಹ ಹೀರಿಕೊಂಡ ವಿಕಿರಣದ ಮಾನ) ವಿಕಿರಣಕ್ಕೇ ವೀರ್ಯಾಣುಗಳು ದೀರ್ಘಕಾಲ ಇಲ್ಲವಾಗಬಹುದು. ಲೈಡಿಗ್ ಕೋಶಗಳು ಸೋಲಲು ವಯಸ್ಕರಲ್ಲಿ ಸುಮಾರು 30 ಗ್ರೇ, ಬಾಲಕರಲ್ಲಿ ಸುಮಾರು 20 ಗ್ರೇ ಬೇಕು. ಹಾಗಾಗಿ ಮಕ್ಕಳಾಗದಿದ್ದರೂ ಗಡ್ಡ, ಗಂಡುದನಿ ಉಳಿದಿರುತ್ತವೆ. ಹಾನಿಯ ಸುಳಿವು ಸಿಗುವುದು ರಕ್ತಪರೀಕ್ಷೆಯಲ್ಲಿ: ವೃಷಣದ ಸೆರ್ಟೋಲಿ ಕೋಶಗಳು ಸ್ರವಿಸುವ ಇನ್ಹಿಬಿನ್ ಹಾರ್ಮೋನ್ ಕುಸಿದು, ಅದರ ಕಡಿವಾಣ ತಪ್ಪಿದ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ.

ವೀರ್ಯಾಣು ತಯಾರಿಕೆ, ಟೆಸ್ಟೊಸ್ಟೆರಾನ್ ತಯಾರಿಕೆ ಎಂಬ ಈ ಎರಡು ಕೆಲಸಗಳನ್ನು ವಿಕಿರಣವಿಲ್ಲದೆಯೂ ಬೇರ್ಪಡಿಸಿ ತೋರಿಸಿದ್ದು ರಾಜಾಜಿನಗರದಾಚೆ, ಯಶವಂತಪುರದ ಪಕ್ಕದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿನ ವಿಜ್ಞಾನಿ ಎನ್. ಆರ್. ಮೌದ್ಗಲ್ ಅವರ ಬಳಗ ನಮ್ಮೂರ ಸಾಮಾನ್ಯ ಕೋತಿಗಳಲ್ಲಿ ಎಫ್‌ಎಸ್‌ಎಚ್ ವಿರುದ್ಧ ಪ್ರತಿಕಾಯಗಳನ್ನು ಹುಟ್ಟಿಸಿದಾಗ ವೀರ್ಯಾಣುಗಳು ಕ್ಷೀಣಿಸಿದವು, ಟೆಸ್ಟೊಸ್ಟೆರಾನ್ ಕುಗ್ಗಲಿಲ್ಲ. ವಿಕಿರಣಕ್ಕೊಳಗಾದ ವೃಷಣವನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಹೋಲಿಕೆ ಸಿಗುವುದು ಕಷ್ಟ.

ಎರಡು ಕೆಲಸಗಳೂ ಬೇರೆಬೇರೆಯಾಗಿರುವ ಈ ಅನುಕೂಲ ಅಂಡಾಶಯಕ್ಕಿಲ್ಲ. ಈಸ್ಟ್ರೊಜನ್ ತಯಾರಿಸುವ ಕೋಶಗಳು ಅಂಡಾಣುವನ್ನು ಸುತ್ತುವರಿದೇ ಬೆಳೆಯುತ್ತವೆ. ಅಂಡಾಣು ಸತ್ತರೆ ಇವೆಲ್ಲ ಸೇರಿದ ಕೋಶಿಕೆಯೇ (ಫಾಲಿಕಲ್) ಕುಸಿಯುತ್ತದೆ, ಹಾರ್ಮೋನೂ ನಿಲ್ಲುತ್ತದೆ. ಸತ್ತ ಅಂಡಾಣುಗಳ ಜಾಗಕ್ಕೆ ಹೊಸವು ಬರುವುದಿಲ್ಲ. ಮನುಷ್ಯರಲ್ಲಿ ಅರ್ಧದಷ್ಟು ಅಂಡಾಣುಗಳು ನಾಶವಾಗಲು 2 ಗ್ರೇಗಿಂತ ಕಡಿಮೆ ಸಾಕು. ಮರಿಯಿಲಿಗಳಲ್ಲಿ ಅದರ ಒಂದಂಶವೇ ಸಾಕು. ಆದ್ದರಿಂದ ಇಲಿಯ ಅಂಕಿಯನ್ನು ಮನುಷ್ಯರಿಗೆ ನೇರವಾಗಿ ಹೊಂದಿಸುವುದು ತಪ್ಪು. ವಿಕಿರಣಕ್ಕೊಳಗಾದ ಹೆಣ್ಣಿಲಿಗಳಲ್ಲಿ ಪಿಟ್ಯುಟರಿಯ ನಿರಂತರ ಒತ್ತಡದಿಂದ ಮುಂದೆ ಅಂಡಾಶಯದಲ್ಲಿ ಗಡ್ಡೆಗಳೂ ಬೆಳೆಯುತ್ತವೆ.

ಬೆಂಗಳೂರಿಗರಿಗೆ ಈ ವಿಷಯ ಎದುರಾಗುವುದು ಹೆಚ್ಚಾಗಿ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ. ಗರ್ಭಕಂಠದ ಕ್ಯಾನ್ಸರಿಗೆ ಕಿಬ್ಬೊಟ್ಟೆಗೆ ಕೊಡುವ ವಿಕಿರಣ ಸಾಮಾನ್ಯವಾಗಿ 45ರಿಂದ 50 ಗ್ರೇ. ಇಷ್ಟು ಬಿದ್ದರೆ ಎಳೆಯ ಹೆಂಗಸರಿಗೂ ಮುಟ್ಟು ನಿಂತು, ಮೈ ಬಿಸಿಯೇರುವುದು, ಮೂಳೆ ಸವೆಯುವುದು ಶುರುವಾಗುತ್ತದೆ. ಆಯ್ದ ರೋಗಿಗಳಲ್ಲಿ ಅಂಡಾಶಯವನ್ನು ಶಸ್ತ್ರಚಿಕಿತ್ಸೆಯಿಂದ ಕಿರಣಗಳ ದಾರಿಯಿಂದಾಚೆ ಮೇಲಕ್ಕೆ ಸರಿಸಿಡುತ್ತಾರೆ. ಇದು ಚಿಕಿತ್ಸೆಗೆ ಮೊದಲೇ ಆಗಬೇಕಾದ ಕೆಲಸವಾದ್ದರಿಂದ, ಆ ಮಾತನ್ನು ರೋಗಿಗೆ ಮುಂಚೆಯೇ ತಿಳಿಸಬೇಕು.